ಐದರ ವೈರು, ಮೂರರ ವೈರು

"ಈಗ ಕೇಳು," ಎಂದು ನೆವಿಲ್ ಪ್ರಿಚರ್ಡ್ ಮೊದಲನೇ ಪ್ಲಗ್ಗಿನ ವೈರನ್ನು ಇಕ್ಕಳದಲ್ಲಿ ಹಿಡಿದು ಎಳೆದ. ಓಡುತ್ತಿದ್ದ ಇಂಜಿನ್ ಮುಗ್ಗರಿಸಿ ಇನ್ನಷ್ಟು ನಡುಗಿತು. ವೈರನ್ನು ಮತ್ತೆ ಸಿಕ್ಕಿಸಿದ. ಎರಡನೆಯದನ್ನು ಎಳೆದಾಗಲೂ ಹಾಗೆಯೇ ಆಯಿತು. ಮೂರನೆಯದನ್ನೂ ಐದನೆಯದನ್ನೂ ಎಳೆದಾಗ ಮಾತ್ರ ಏನೂ ಆಗಲಿಲ್ಲ. ಇಂಜಿನ್ ಮೊದಲು ಹೇಗೆ ಕುಂಟುತ್ತಿತ್ತೋ ಹಾಗೆಯೇ ಕುಂಟುತ್ತಿತ್ತು.

"ಮೂರನೇದು ಸತ್ತಿದೆ. ಐದನೇದೂ ಸತ್ತಿದೆ. ಆರರಲ್ಲಿ ನಾಲ್ಕೇ ಸಿಲಿಂಡರ್ ದುಡೀತಿರೋದು, ಡಲ್ಸಿ."

"ಮೊನ್ನೆ ತಂದಾಗ ಆರೂ ಬದುಕಿದ್ವಲ್ಲಯ್ಯ!" ಎಂದಳು ಡಲ್ಸಿ ಹ್ಯಾಲೊರನ್, ಕೋಟನ್ನು ಎದೆಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಾ. "ಬರೀ ಕೆಮ್ತಿತ್ತು. ನೀನು ಔಷಧಿ ಕೊಟ್ಟ ಮೇಲೆ ಉಬ್ಬಸ ಹಿಡೀತು."

ಅವಳ ಆ ಬಿಳಿ ಕಾರು ಗಂಡ ಬದುಕಿದ್ದಾಗ ಕೊಂಡದ್ದು. ಗಂಡನಿಗಿಂತ ಹೆಚ್ಚು ಮಾತು ಕೇಳುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದಳು. ಮಿಂಡಾರಾದಂಥ ಗೋಧಿ ಬೆಳೆಯುವ ಊರಿನಲ್ಲಿ ಯಾರ ಕಾರು ಯಾರ ಗರಾಜಿನಲ್ಲಿ ನಿಂತಿದೆ ಎಂಬುದೇ ಆ ದಿನದ ಸುದ್ದಿ. ಒಂದೇ ಕಾರು ಒಂದೇ ವಾರದಲ್ಲಿ ಎರಡು ಸಲ ನೆವಿಲ್‌ನ ಬಾಗಿಲಲ್ಲಿ ನಿಂತದ್ದಂತೂ ಹಿಂದೆಂದೂ ಕೇಳದ ಸುದ್ದಿ.

ನೆವಿಲ್‌ನ ಮಗಳು ಲಿನೆಟ್ ಶಾಲಾ ಬಸ್ಸಿನ ಬ್ರೇಕ್ ಸಾಮಾನು ತರಲು ಪಕ್ಕದ ಪಟ್ಟಣಕ್ಕೆ ಹೋಗಿದ್ದವಳು ಅದೇ ಹೊತ್ತಿಗೆ ಬಂದಳು. ಪಿಕಪ್ಪನ್ನು ರಸ್ತೆಯಾಚೆ ನಿಲ್ಲಿಸಿದಾಗಲೇ ಆ ಸದ್ದು ಅವಳ ಕಿವಿಗೆ ಬಿತ್ತು. ನಾಲ್ಕು ಬಡಿತ ಸರಿಯಾಗಿ, ನಡುವೆ ಎರಡು ಕಡೆ ತಪ್ಪು, ಆಗಾಗ ಕಾರ್ಬುರೇಟರಿನಿಂದ ಫಟ್ ಎಂದು ಒಂದು ಸೀನು. ಅಪ್ಪನ ಜೊತೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದೇ ಗರಾಜಿನಲ್ಲಿ ದುಡಿದ ಅವಳಿಗೆ ಬಾನೆಟ್ಟಿನ ಒಳಗೆ ಇಣುಕುವ ಅಗತ್ಯವೇ ಇರಲಿಲ್ಲ. ಆದರೂ ತಾನು ಅಂದುಕೊಂಡದ್ದು ಸುಳ್ಳಾಗಲಿ ಎಂದು ಬಯಸುತ್ತಲೇ ಒಳಗೆ ಬಂದಳು.

"ಕಾರ್ಬುರೇಟರ್ ಕಣೇ," ಎಂದ ನೆವಿಲ್. "ಪ್ಲಗ್ ಹೊಸದು, ಕ್ಯಾಪ್ ಹೊಸದು, ವೈರ್ ಹೊಸದು. ಇನ್ನೇನು ಉಳೀತು? ಇವತ್ತು ಅದನ್ನ ಬಿಚ್ಚಿ ಕೂತ್ಕೋತೀನಿ."

ಲಿನೆಟ್ ಕೆಲಸದ ಮೇಜಿನ ಕಡೆ ನೋಡಿದಳು. ತೆಗೆದ ಹಳೇ ವೈರುಗಳು ಅಲ್ಲಿ ಒಂದರೊಳಗೊಂದು ತೂರಿಕೊಂಡು ಗುಡ್ಡೆಯಾಗಿ ಬಿದ್ದಿದ್ದವು.

ವೈರುಗಳನ್ನು ಒಟ್ಟಿಗೆ ಬಿಚ್ಚಬಾರದೆಂಬುದು ಈ ಗರಾಜಿನ ಮೊದಲ ಪಾಠ. ಒಂದು ಬಿಚ್ಚಬೇಕು, ಅದರ ಜಾಗಕ್ಕೆ ಹೊಸದನ್ನು ಹಾಕಬೇಕು, ಆಮೇಲೆ ಮುಂದಿನದನ್ನು ಮುಟ್ಟಬೇಕು. ಹಾಗೆ ಮಾಡಿದರೆ ಕುಡುಕ ಕೂಡ ತಪ್ಪುವುದಿಲ್ಲ ಎಂದು ನೆವಿಲ್ ಕೆಲಸ ಕಲಿಯಲು ಬಂದವರಿಗೆಲ್ಲ ಹೇಳುತ್ತಿದ್ದ. ಅವನಿಗೆ ಆ ಜಾಗ್ರತೆಯೂ ಬೇಕಿರಲಿಲ್ಲ, ಅದು ಬೇರೆ ಮಾತು. ಆರು ಸಿಲಿಂಡರಿನಲ್ಲಿ ಯಾವುದರ ನಂತರ ಯಾವುದಕ್ಕೆ ಕಿಡಿ ಹೋಗಬೇಕೆಂಬ ಸರದಿ ಅವನ ನಾಲಿಗೆಯ ಮೇಲಿತ್ತು. ಲಿನೆಟ್ ಮಗುವಾಗಿದ್ದಾಗ ಅದನ್ನೇ ರಾಗವಾಗಿ ಹೇಳುತ್ತಾ ತೂಗಿ ಮಲಗಿಸುತ್ತಿದ್ದ: ಒಂದು, ಐದು, ಮೂರು, ಆರು, ಎರಡು, ನಾಲ್ಕು. ಶಾಲೆಗೆ ಸೇರಿದ ದಿನ ಆರರವರೆಗೆ ಎಣಿಸು ಎಂದಾಗ ಹುಡುಗಿ ಹಾಗೆಯೇ ಎಣಿಸಿದಳು. ತರಗತಿಗೆ ತರಗತಿಯೇ ನಕ್ಕಿತು, ಅವಳು ಅಳುತ್ತಾ ಮನೆಗೆ ಬಂದಳು. ಅವಳ ಅಮ್ಮ ಜೋನ್ ಒಂದು ವಾರ ನೆವಿಲ್ ಜೊತೆ ಮಾತು ಬಿಟ್ಟಿದ್ದಳು.

"ಅಪ್ಪ, ಚಳಿ ಹಾಳಾಗ್ಲಿ, ಒಂದು ಟೀ ಮಾಡ್ತೀಯಾ?" ಎಂದಳು ಲಿನೆಟ್. "ಡಲ್ಸಿ ಆಂಟಿ, ನೀವು ಬೇಕರಿ ಕಡೆ ಹೋಗ್ಬನ್ನಿ. ಪೇಸ್ಟಿ ಬಿಸಿಯಾಗಿದಾವೆ."

"ಓಡಿಸ್ತಿದೀಯ ನನ್ನ. ಗೊತ್ತಾಗಲ್ವಾ?" ಎಂದು ಡಲ್ಸಿ ನಗುತ್ತಾ ಹೊರಟಳು. ನೆವಿಲ್ ಇಂಜಿನ್ ಆರಿಸಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ಹಿಂದಿನ ಕೋಣೆಗೆ ಹೋದ.

ಲಿನೆಟ್ ಬಾನೆಟ್ಟಿನ ಮೇಲೆ ಬಗ್ಗಿದಳು. ಐದರ ವೈರು ಮೂರಕ್ಕೆ, ಮೂರರ ವೈರು ಐದಕ್ಕೆ. ಬೇರೇನೂ ಇಲ್ಲ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನಲ್ಲಿ ಎರಡನ್ನೂ ಕಿತ್ತು ಅದಲುಬದಲು ಮಾಡಿ ಒತ್ತಿದಳು. ಕೀಲಿ ತಿರುಗಿಸಿದೊಡನೆ ಇಂಜಿನ್ ಏನೂ ನಡೆದೇ ಇಲ್ಲವೆಂಬಂತೆ ಮೆತ್ತಗೆ ಓಡತೊಡಗಿತು. ಅಷ್ಟು ಚೆನ್ನಾಗಿ ಓಡುವ ಇಂಜಿನ್ನಿನ ಮುಂದೆ ನಿಂತು ಅವಳಿಗೆ ಅಳು ಬಂತು.

ಇದು ಮೊದಲನೆಯದಲ್ಲ. ತಿಂಗಳುಗಳ ಹಿಂದೆ ಕುರಿಗಳ ಉಣ್ಣೆ ಕತ್ತರಿಸಿದ ಕಾಲದಿಂದ ಹೀಗೆ ನಡೆದಿತ್ತು. ಒಮ್ಮೆ ಬಿಗಿಯದೇ ಬಿಟ್ಟ ಆಯಿಲ್ ನಟ್ಟು, ಇನ್ನೊಮ್ಮೆ ಬ್ಯಾಟರಿಯ ಮೇಲೆ ಮರೆತ ರೇಡಿಯೇಟರ್ ಮುಚ್ಚಳ. ಸಂಜೆ ಅಪ್ಪ ಮನೆಗೆ ಹೋದ ಮೇಲೆ ಅವನು ಮುಟ್ಟಿದ್ದನ್ನೆಲ್ಲ ಲಿನೆಟ್ ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದಳು. ವಯಸ್ಸಾಯಿತು, ಅಮ್ಮ ಹೋದ ದುಃಖ ಇನ್ನೂ ಇಳಿದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆದರೆ ಆ ಸರದಿಯನ್ನೇ ಅವನು ಮರೆತಾನೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ನೆವಿಲ್ ಎರಡು ಲೋಟ ಹಿಡಿದು ಬಂದ. ಬಾಗಿಲಲ್ಲೇ ನಿಂತು ತಲೆ ವಾಲಿಸಿ ಇಂಜಿನ್ ಕೇಳಿದ. ಮುಖ ಅರಳಿತು.

"ನೋಡಿದ್ಯಾ! ಕಾರ್ಬುರೇಟರಲ್ಲಿ ಕಸ ಕೂತಿತ್ತು. ಓಡ್ತಾ ಓಡ್ತಾ ತಾನೇ ಬಿಟ್ಕೊಂಡಿದೆ. ಇಂಜಿನ್ನಿಗೆ ಸ್ವಲ್ಪ ಹೊತ್ತು ಕೊಡಬೇಕು ಕಣೇ, ಅದು ಹೆದರಿದ ಕುದುರೆ ಇದ್ದಂಗೆ." ಲೋಟವನ್ನು ಅವಳ ಕೈಗಿತ್ತು, "ಸರಿ, ಬಸ್ಸಿನ ಸಾಮಾನು ಇಳಿಸು. ಬ್ರೇಕಿಗೆ ಕೈ ಹಾಕ್ತೀನಿ," ಎಂದ.

ಹಳದಿ ಬಸ್ಸು ಹೊರಗೆ ಅಂಗಳದಲ್ಲಿ ನಿಂತಿತ್ತು. ಸೋಮವಾರ ಅದು ಹೊಲದ ಮನೆಗಳ ಮಕ್ಕಳನ್ನೆಲ್ಲ ತುಂಬಿಕೊಂಡು, ಗೇಟಿಲ್ಲದ ಕಡೆ ರೈಲು ಹಳಿ ದಾಟಿ ಶಾಲೆಗೆ ಬರಬೇಕು. ಗೋಧಿ ತುಂಬಿದ ಗೂಡ್ಸು ರೈಲು ಬರುವುದೂ ಆ ಹೊತ್ತಿಗೇ.

"ಬಸ್ಸು ನಾನು ಮಾಡ್ತೀನಿ, ಅಪ್ಪ."

"ನೀನ್ಯಾಕೆ? ಆ ಬಸ್ಸಿನ ಬ್ರೇಕು ನನ್ನ ಬಿಟ್ರೆ ಯಾರು ಮುಟ್ಟಿದಾರೆ? ಮಲ್ಕೊಂಡು ಕೆಲಸ ಮಾಡಿದ್ರೆ ಸೊಂಟ ನೋವು ಅಂತ ಆಮೇಲೆ ನನ್ನ ಪ್ರಾಣ ತಿಂತೀಯ."

ಅವಳ ಬಾಯಲ್ಲಿ ಒಂದು ಸುಳ್ಳು ಸಿದ್ಧವಿತ್ತು. ಸರ್ಟಿಫಿಕೇಟು ಹೊಸದಿದ್ದವರೇ ಬಸ್ಸು ಮುಟ್ಟಬೇಕಂತೆ ಎಂದರೆ ಅವನು ಸರ್ಕಾರಕ್ಕೆ ನಾಲ್ಕು ಬೈಗುಳ ಬೈದು ಸುಮ್ಮನಾಗುತ್ತಿದ್ದ. ಅದು ಇವತ್ತಿಗೆ ಸಾಕು. ನಾಳೆ ಬೇರೆ ಯಾರದೋ ಕಾರು, ನಾಡಿದ್ದು ಇನ್ಯಾರದೋ ಲಾರಿ.

"ಕಾರ್ಬುರೇಟರ್ ಅಲ್ಲ, ಅಪ್ಪ. ಐದರ ವೈರು ಮೂರಕ್ಕೆ ಹಾಕಿತ್ತು. ಮೂರರದ್ದು ಐದಕ್ಕೆ."

"ಯಾರು ಹಾಕಿದ್ದು?"

"ನೀನು."

ನೆವಿಲ್ ನಕ್ಕ. ಅವಳು ನಗದಿದ್ದಾಗ ಅವನ ನಗು ಅರ್ಧಕ್ಕೇ ನಿಂತಿತು.

"ನಾನು ಒಂದೊಂದೇ ಬಿಚ್ಚಿ ಹಾಕೋನು."

"ಗೊತ್ತು."

"ಗೊತ್ತಿದ್ದೂ ಹೀಗಂತೀಯಾ? ಗರಾಜು ನಿನಗೆ ಬೇಕಾದ್ರೆ ಬಾಯಿಬಿಟ್ಟು ಕೇಳು. ಅಪ್ಪನಿಗೆ ತಲೆ ಕೆಟ್ಟಿದೆ ಅಂತ ಕಥೆ ಕಟ್ಟಬೇಡ."

ಲಿನೆಟ್ ಮೇಜಿನ ಕಡೆ ಬೊಟ್ಟು ಮಾಡಲಿಲ್ಲ. ಸಿಟ್ಟಿನಲ್ಲಿ ಲೋಟ ಇಡಲು ಮೇಜಿನ ಕಡೆ ತಿರುಗಿದವನು ಆ ವೈರಿನ ಗುಡ್ಡೆಯನ್ನು ತಾನೇ ಕಂಡ. ಒಂದನ್ನು ಎತ್ತಿದ. ಅದರ ಹಿಂದೆ ಆರೂ ಸಿಕ್ಕುಸಿಕ್ಕಾಗಿ ಎದ್ದು ಬಂದವು. ಅವನ್ನು ಬಿಡಿಸಲು ಹೋಗಿ, ಬಿಡಿಸಲಾಗದೆ, ಮೆಲ್ಲಗೆ ಕೆಳಗಿಟ್ಟ.

ಆಮೇಲೆ ಕಾರಿನ ಬಳಿ ಬಂದು ಇಂಜಿನ್ ಆರಿಸಿದ. ಡಿಸ್ಟ್ರಿಬ್ಯೂಟರಿನ ಮೇಲೆ ಬೆರಳಿಟ್ಟು, "ಒಂದು," ಎಂದ. "ಐದು." ಬೆರಳು ಅಲ್ಲೇ ನಿಂತಿತು. "ನೀನು ಹೇಳ್ಬೇಡ."

ಹೊರಗೆ ಗೋಧಿಯ ಉಗ್ರಾಣದ ತಂತಿಯ ಮೇಲೆ ಗಲಾ ಎಂಬ ಗುಲಾಬಿ ಎದೆಯ ಗಿಳಿಗಳು ಕಿರುಚಾಡುತ್ತಿದ್ದವು. ಅವನ ತುಟಿ ಎರಡು ಸಲ ಅಲುಗಿತು, ಅಷ್ಟೇ. ಅವಳಿಗೆ ಓಡಿಹೋಗಿ ಅಪ್ಪನನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಆದರೆ ಈ ಮನೆತನದಲ್ಲಿ ಹಾಗೆ ತಬ್ಬಿಕೊಳ್ಳುವುದು ಸಾವಿನ ದಿನ ಮಾತ್ರ.

"ಹೋದ ವಾರ ಪಾದ್ರಿ ಕಾರಿಗೆ ಬ್ರೇಕ್ ಹಾಕಿದ್ದೆ," ಎಂದ, ಬೆರಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾ.

"ಸಂಜೆ ನಾನು ನೋಡಿದ್ದೆ, ಅಪ್ಪ."

"ಸರಿಯಿತ್ತಾ?"

ಲಿನೆಟ್ ನೆಲ ನೋಡಿದಳು.

"ಎಷ್ಟು ದಿನದಿಂದ ನನ್ನ ಹಿಂದೆ ಹಿಂದೆ ನೋಡ್ತಿದೀಯ?"

"ಉಣ್ಣೆ ಕತ್ತರಿಸೋರು ಬಂದಿದ್ರಲ್ಲ, ಆಗಿಂದ."

"ಅಷ್ಟು ದಿನದಿಂದ," ಎಂದ ನೆವಿಲ್. ದನಿಯಲ್ಲಿ ಸಿಟ್ಟಿರಲಿಲ್ಲ. "ಎರಡೆರಡು ಸಲ ಒಂದೇ ಕೆಲಸ ಮಾಡಿದೀಯಲ್ಲೇ. ಸುಸ್ತಾಗಿರ್ತೀಯ."

ಅಷ್ಟರಲ್ಲಿ ಡಲ್ಸಿ ಪೇಸ್ಟಿಯ ಪೊಟ್ಟಣ ಹಿಡಿದು ಬಂದಳು. ಇಬ್ಬರ ಮುಖ ನೋಡಿದವಳು ಬಾಯಿಗೆ ಬಂದಿದ್ದ ತಮಾಷೆಯನ್ನು ನುಂಗಿಕೊಂಡಳು.

"ಆಯ್ತಾ?" ಎಂದು ಮೆಲ್ಲಗೆ ಕೇಳಿದಳು.

"ಆಯ್ತು. ಮಗಳು ಮಾಡಿದ್ಲು," ಎಂದ ನೆವಿಲ್. "ಇನ್ಮೇಲೆ ಏನಿದ್ರೂ ಅವಳನ್ನೇ ಕೇಳು."

ಡಲ್ಸಿ ಪೊಟ್ಟಣವನ್ನು ಅವನ ಕೈಗಿಟ್ಟು, ಅವನ ತೋಳನ್ನು ಒಮ್ಮೆ ಅದುಮಿ, ಕಾರು ಹತ್ತಿದಳು. ಬಿಳಿ ಕಾರು ಸದ್ದೇ ಇಲ್ಲದೆ ರಸ್ತೆಗಿಳಿದು ಹೋಯಿತು.

ಲಿನೆಟ್ ಬಸ್ಸನ್ನು ಒಳಗೆ ತಂದು ಜ್ಯಾಕ್ ಏರಿಸಿದಳು, ಚಕ್ರ ಬಿಚ್ಚಿದಳು. ಅಪ್ಪ ಮನೆಗೆ ಹೋಗಿರಬಹುದೆಂದು ತಿರುಗಿ ನೋಡಿದರೆ, ಅವನು ಗೋಡೆಗೆ ಒರಗಿಸಿಟ್ಟಿದ್ದ ಗಿರಾಕಿಗಳು ಕಾಯುವ ಕುರ್ಚಿಯಲ್ಲಿ ಕೂತಿದ್ದ. ಅಷ್ಟು ವರ್ಷದಲ್ಲಿ ಅವನು ಅದರಲ್ಲಿ ಕೂತದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ಮಂಡಿ ಜೋಡಿಸಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಬೇರೆ ಊರಿನಿಂದ ಬಂದವನ ಹಾಗೆ ಸಂಕೋಚದಿಂದ ಕೂತಿದ್ದ.

"ಎಷ್ಟು ಹೊತ್ತಾಗಬಹುದು?" ಎಂದು ಕೇಳಿದ.