ನೆರಳು ಬೀಳುವ ಬೆಳಕು

ಗಾಜಿನ ಕೆಳಗಿರುವ ಫೋಟೋದ ಮದುಮಗಳಿಗೆ ಮೂಗೇ ಇಲ್ಲ, ಕಣ್ಣಿದೆ, ತುಟಿಯಿದೆ, ನಡುವೆ ಬರೀ ಬಿಳುಪು, ಪಕ್ಕದ ವರನಿಗೂ ಅದೇ ಗತಿ, ಬಾಸಿಂಗದ ಮುತ್ತು ಮಾತ್ರ ಮಿಣಮಿಣ — ಬುರಾನುದ್ದೀನ ನೇರ ಎದುರಿಗೆ ನಿಂತು ಫ್ಲ್ಯಾಷ್ ಹೊಡೆದಿರಬೇಕು, ಮುಖದ ಏರಿಳಿತವೆಲ್ಲ ಸುಣ್ಣ ಬಳಿದ ಗೋಡೆಯಾಗಿಬಿಟ್ಟಿದೆ, ಪಾಪ, ಆ ಹುಡುಗಿಯ ಮೂಗು ಚೆನ್ನಾಗಿಯೇ ಇತ್ತೇನೋ, ನತ್ತೂ ಇತ್ತೇನೋ — ಎಂದುಕೊಳ್ಳುತ್ತ ವಿದ್ಯಾವತಿ ಸ್ಟುಡಿಯೋದ ಗಾಜಿನ ಕಟ್ಟೆಗೆ ಮೊಣಕೈ ಊರಿದಳು, ಮೊಣಕೈ ಊರಿದರೆ ಬಲಗೈ ಸ್ವಲ್ಪ ಸುಮ್ಮನಿರುತ್ತದೆ, ಸ್ವಲ್ಪವೇ, ಮಡಿಲಲ್ಲಿ ಕ್ಯಾಮೆರಾದ ಚೀಲ, ಚೀಲದ ಪಟ್ಟಿಯನ್ನು ಮುಂಗೈಗೆ ಸುತ್ತಿಕೊಂಡಿದ್ದಾಳೆ, ಯಾರೂ ಕಸಿಯುತ್ತಿಲ್ಲ, ಆದರೂ. ಹೊರಗೆ ಅಫಜಲಪುರದ ಬಸ್ ನಿಲ್ದಾಣದಲ್ಲಿ ಕರಜಗಿಯ ಬಸ್ಸು ಹಿಂದಕ್ಕೆ ಸರಿಯುತ್ತಿದೆ, ಬರ್ಲಿ ಬರ್ಲಿ ಎಂದು ಯಾರೋ ಕೂಗುತ್ತಾರೆ, ಅವಳ ಗಂಡ ಜಗದೇವ ಕತ್ತು ಹೊರಳಿಸುತ್ತಾನೆ, ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ಎಷ್ಟೋ ಕಾಲವಾದರೂ ಕಿವಿ ಇನ್ನೂ ಡ್ಯೂಟಿಯಲ್ಲಿದೆ, ಮತ್ತೆ ಇತ್ತ ತಿರುಗಿ, ಮೇಲಿನ ಫ್ಯಾನು ನೋಡುತ್ತ, ಕಾಯಿಲೆಯವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಸ್ಟುಡಿಯೋದ ಮಾಲೀಕನಿಗೆ ಹೇಳುತ್ತಾನೆ, ಬುರಾನಭಾಯಿ, ಕ್ಯಾಮೆರಾ ತಂದೇವ್ರಿ, ಛಲೋ ಗಿರಾಕಿ ನೋಡಿ ಕೊಟ್ಟುಬಿಡ್ರಿ, ನಮ್ಮಾಕಿ ಕೈ ನಡಗಾಕತ್ತಾವ. ಫ್ಯಾನು ನೋಡುತ್ತ ಹೇಳಿದ, ಅವಳ ಕೈಯನ್ನು ನೋಡದೆ, ಅಷ್ಟು ನಾಜೂಕು ಅವನಿಗಿದೆ, ಆ ನಾಜೂಕಿಗೇ ಅವಳಿಗೆ ಸಿಟ್ಟು.

ಎಲ್ಲರೂ ಒಳ್ಳೆಯವರೇ, ಅದೇ ಕಷ್ಟ, ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು, ಒಳ್ಳೆಯತನದ ಮುಂದೆ ಯಾವ ಬಾಯಿಂದ ಕೂಗುವುದು — ನಿನ್ನೆ ಊಟಕ್ಕೆ ಕೂತಾಗ ಮಗ ಅನೀಲಕುಮಾರ ತನ್ನ ತಾಟಿನ ಎಣ್ಣೆಗಾಯಿ ಬದನೆಯನ್ನು ಅವಳ ತಾಟಿಗೆ ಹಾಕಿ, ಅವ್ವಾ, ಕ್ಯಾಮೆರಾ ಸುಮ್ನ ಇಟ್ರ ಬೂಷ್ಟ ಹಿಡೀತದ, ಯಾರಿಗರೆ ಉಪಯೋಗ ಆಗ್ಲಿ ಅಂದ, ಅವಳು ಹೂಂ ಅಂದಳು, ಬಾಯಲ್ಲಿ ಬದನೆಕಾಯಿ ಇತ್ತು, ಬದನೆಕಾಯಿ ಬಾಯಲ್ಲಿರುವಾಗ ಅಂದ ಹೂಂ ಒಪ್ಪಿಗೆ ಹೇಗಾದೀತು. ಉಪಯೋಗ, ಉಪಯೋಗ. ಕರಜಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವುದು ಮುಗಿದ ಮೇಲೆ ಈ ಲೆನ್ಸು ಕೊಂಡು, ತೊಗರಿ ಹೊಲದ ಬದುವಿನ ಮೇಲೆ ಬೋರಲು ಮಲಗಿ, ಹೂವಿನೊಳಗೆ ಕೂತ ಹುಳದ ಕಣ್ಣು ಹುಡುಕುತ್ತಿದ್ದಾಗ ದಾರಿಹೋಕರು ನಿಂತು ಕೇಳುತ್ತಿದ್ದರು, ಬಾಯಾರ, ಏನ್ ಕಳದ್ರಿ, ಹುಡುಕಿ ಕೊಡ್ಲೇನ್ರಿ, ಕಳದಿಲ್ಲಪ್ಪಾ ಸಿಕ್ಕದ ಅನ್ನುತ್ತಿದ್ದಳು, ಸಿಕ್ಕಿತ್ತು, ಜಾಲಿಮುಳ್ಳಿನ ಹಾಗೆಯೇ ಕೊಂಬು ಬೆಳೆಸಿಕೊಂಡು ಜಾಲಿಯ ಮೇಲೇ ಕೂತ ಪುಟ್ಟ ಹುಳ, ಅದರ ಬೆನ್ನ ಮೇಲಿನ ರೋಮ, ಆ ರೋಮದಿಂದ ಯಾರಿಗೂ ಯಾವ ಉಪಯೋಗವೂ ಇರಲಿಲ್ಲ, ಅದಕ್ಕೇ ಅಷ್ಟು ಚೆಂದ. ಆಮೇಲೆ ಈ ನಡುಕ ಬಂತು. ಡಾಕ್ಟರು ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡೇ ಹೇಳಿದ್ದರು, ಏನೂ ಆಗೂದಿಲ್ರಿ ತಾಯಿ, ವಯಸ್ಸಿಂದು, ಬೆಚ್ಚಗಿತ್ತು ಅವರ ಕೈ, ಏನೂ ಆಗುವುದಿಲ್ಲ ನಿಜ, ಫೋಟೋ ಮಾತ್ರ ಆಗುವುದಿಲ್ಲ, ಗುಲಗಂಜಿ ಹುಳದ ಫೋಟೋ ತೆಗೆದರೆ ಒಂದೇ ಕೌದಿಯಲ್ಲಿ ಎರಡು ಹುಳ ಹೊದ್ದು ಮಲಗಿದ ಹಾಗೆ. ಇಜೇರಿಯ ತವರಿನಲ್ಲಿ ನಮ್ಮಜ್ಜಿ ಆಯಿಗೂ ಹೀಗೆಯೇ ಆಗಿತ್ತು, ಸುಭದ್ರಾಬಾಯಿಯ ರೊಟ್ಟಿ ಅಂದರೆ ಓಣಿಯೇ ಹೊಗಳುತ್ತಿತ್ತು, ಒಂದು ದಿನ ಸೊಸೆಯಂದಿರು, ಆಯಿ, ನೀವ್ ಕೂಡ್ರಿ, ನಾವ್ ಬಡೀತೇವಿ ಅಂದರು, ಪ್ರೀತಿಯಿಂದಲೇ ಅಂದರು, ಬೆನ್ನಿಗೆ ದಿಂಬು ಕೊಟ್ಟರು, ಆಯಿ ಗೋಡೆಗೆ ಒರಗಿ ಕೂತಳು, ಅವರು ಒಲೆಯ ಮುಂದೆ ಟಪಟಪ ಬಡಿಯುತ್ತಿದ್ದರೆ ಆಯಿಯ ಅಂಗೈ ಮೊಣಕಾಲ ಮೇಲೆ ಅದೇ ತಾಳದಲ್ಲಿ ಬಡಿಯುತ್ತಿತ್ತು, ಹಿಟ್ಟಿಲ್ಲ, ಕಲ್ಲಿಲ್ಲ, ಬರೀ ಸೀರೆಯ ಮೇಲೆ ಟಪ ಟಪ, ಕೊನೆಯವರೆಗೂ — ಇಲ್ಲ, ನಾನು ಕೂಡುವುದಿಲ್ಲ, ನನಗೆ ದಿಂಬು ಬೇಡ.

ಬುರಾನುದ್ದೀನ ಕೈ ಚಾಚಿದ್ದಾನೆ, ಚೀಲ ಕೊಡ್ರಿ ಬಾಯಾರ, ನನ್ನ ಕಡೆ ಇದ್ರ ನಿಮ್ಮ ಕಡೆ ಇದ್ದಂಗ, ಚೆನ್ನಾಗಿ ಹೇಳಿದ, ವರ್ಷವರ್ಷ ಶಾಲೆಗೆ ಬಂದು ಹೆಣ್ಣುಮಕ್ಕಳನ್ನು ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿ ಗುಂಪಿನ ಫೋಟೋ ತೆಗೆದವನು, ಗಿಡ್ಡ ಹುಡುಗಿಯರ ಕಾಲಡಿಗೆ ಇಟ್ಟಿಗೆ ಇಟ್ಟವನು, ಅವನಿಗೆ ಹೇಗೆ ಹೇಳುವುದು, ಹೇಳಿಯೇಬಿಟ್ಟಳು, ಮಾರೂದಿಲ್ಲ, ನನಗೊಂದು ಫ್ಲ್ಯಾಷ್ ತೋರಸ್ರಿ. ಜಗದೇವ ಫ್ಯಾನಿನಿಂದ ಕೆಳಗಿಳಿದ, ಏ ಇವಳೇ, ಮಾರಾಕ ಬಂದೇವೋ ಕೊಳ್ಳಾಕ ಬಂದೇವೋ, ಟಿಕೇಟ್ ತೊಗೊಂಡ ಮ್ಯಾಲ ಊರ ಬದಲಸ್ತಿಯಲ್ಲ ಬೇ, ಬದಲಸ್ತೇನಿ, ಇಳಿಯೋದಾದ್ರ ನೀವ್ ಇಳೀರಿ ಅಂದಳು, ಅಂದ ಮೇಲೆ ಎದೆ ಹಗುರಾಯಿತು, ಕೈ ಇನ್ನೂ ಜಾಸ್ತಿ ನಡುಗಿತು, ನಡುಗಲಿ. ಫ್ಯಾನನ್ನು ಅವನು ನೋಡುತ್ತಾನೆ ಅಷ್ಟೇ, ಕಾಣುವುದಿಲ್ಲ, ಮೊನ್ನೆ ಸಂಜೆ ಗಾಳಿಮಳೆ ಬಂದಾಗ ಇಬ್ಬರೂ ಮನೆಯ ಪಡಸಾಲೆಯಲ್ಲೇ ಕೂತಿದ್ದೆವು, ಕರೆಂಟು ಹೋಯಿತು, ಕಪ್ಪು ಮೋಡಕ್ಕೆ ಮನೆಯೊಳಗೆಲ್ಲ ಮಬ್ಬು, ಫ್ಯಾನು ಇನ್ನೂ ತಿರುಗುತ್ತಲೇ ಇದೆ, ಫಕ್ಕನೆ ಮಿಂಚಿತು, ಮಿಂಚಿದಾಗ ಫ್ಯಾನಿನ ರೆಕ್ಕೆಗಳು ನಿಂತುಬಿಟ್ಟವು, ಒಂದೊಂದೂ ಬೇರೆ ಬೇರೆ, ಅಂಚಿಗೆ ಹಿಡಿದ ಧೂಳು ಸಹಿತ, ತಿರುಗುತ್ತಿರುವ ಫ್ಯಾನು ನಿಂತು ಕಾಣಿಸಿತು, ಅವನು ಕಿಡಕಿ ಹಾಕು ಬೇ ಮಳಿ ಒಳಗ ಬರ್ತದ ಅಂದ, ಅವಳಿಗೆ ಮಳೆಯ ಖಬರು ಎಲ್ಲಿತ್ತು, ಫ್ಯಾನಿಗಿಂತ ಜೋರಾಗಿ ನನ್ನ ಕೈ ನಡುಗುತ್ತದೆಯೇ, ಇಲ್ಲವಲ್ಲ — ಮಿಂಚು ಇದ್ದಷ್ಟೇ ಹೊತ್ತು ಫೋಟೋ, ಅಷ್ಟರಲ್ಲಿ ಕೈ ಎಲ್ಲಿಗೆ ಹೋದೀತು.

ಒಳಗಿನಿಂದ ಬುರಾನುದ್ದೀನ ಮೊದಲು ತಂದದ್ದು ಒಂದು ದೊಡ್ಡ ಉಂಗುರದ ದೀಪ, ಕಾಲುಮಣೆಯಷ್ಟು ಅಗಲ, ಬಟನ್ ಒತ್ತಿದರೆ ಬೆಳ್ಳಗೆ ಉರಿಯಿತು, ಇದ ಭಾಳ ಚಾಲ್ತಿ ಅದ್ರಿ ಬಾಯಾರ, ಹುಡುಗ್ಯಾರು ರೀಲ್ಸ್ ಮಾಡಾಕ ಒಯ್ತಾರ, ಜಗದೇವ ಅದರೊಳಗೆ ಮುಖ ತೂರಿಸಿ, ನಾ ಹ್ಯಾಂಗ ಕಾಣ್ತೇನಿ, ಬಸವ ಜಯಂತಿ ಮೆರವಣಿಗಿ ಎತ್ತಿನ್ಹಂಗ ಕಾಣ್ತೇನೇನು ಅಂದ, ಅವಳಿಗೂ ನಗು ಬಂತು, ನಕ್ಕೇ ಹೇಳಿದಳು, ಇದು ದೀಪ, ನನಗ ಮಿಂಚು ಬೇಕು, ದೀಪ ಉರೀತಾ ಇರ್ತದ, ಉರಿಯುವಷ್ಟು ಹೊತ್ತೂ ನನ್ನ ನಡುಕಾನೂ ಬರಕೋತ ಹೋಗ್ತದ. ಹಾಂ ಹಾಂ ಎಂದು ಅವನು ಇನ್ನೊಂದು ಡಬ್ಬಿ ತೆಗೆದ, ಲೆನ್ಸಿನ ಮೂತಿಗೆ ಸಿಗಿಸುವ ಚಿಕ್ಕ ಉಂಗುರ, ಖರೇ ಫ್ಲ್ಯಾಷು, ಜೇವರ್ಗಿಯ ಹಲ್ಲಿನ ಡಾಕ್ಟರೊಬ್ಬರು ಹೊಸದು ಕೊಂಡು ಇದನ್ನು ಕೊಟ್ಟುಹೋಗಿದ್ದಾರಂತೆ, ಹಗುರ ಅದ್ರಿ, ಏನೂ ತಿರುವೂದಿಲ್ಲ ಮುರಿಯೂದಿಲ್ಲ, ನಿಮಗ ತ್ರಾಸ್ ಆಗೂದಿಲ್ಲ. ತ್ರಾಸಾಗುವುದಿಲ್ಲ ಎಂಬ ಮಾತು ಬಂತಲ್ಲ, ಅಂದರೆ ಇದೂ ಒಂದು ದಿಂಬು, ಆದರೂ ಸಿಗಿಸಿ ನೋಡಿದಳು, ಕಟ್ಟೆಯ ಮೂಲೆಯಲ್ಲಿ ಸತ್ತು ಒಣಗಿದ್ದ ನೊಣದ ಮೇಲೆ ಒತ್ತಿದಳು, ತೆರೆಯ ಮೇಲೆ ನೊಣ ಬಂತು, ಸ್ಪಷ್ಟವಾಗಿಯೇ ಬಂತು, ಅಲುಗಿರಲಿಲ್ಲ, ಎದೆ ಒಂದು ಸಲ ಹಾರಿತು, ನೋಡ್ ಮತ್ತ, ಬಂತಲ್ಲ, ಇದನ್ನ ತೊಗೊಂಡ ಬಿಡು ಅಂದ ಜಗದೇವ, ಆದರೆ ನೊಣದ ಕಣ್ಣಿನಲ್ಲಿ ಒಂದು ಬಿಳಿ ಬಳೆ ಕೂತಿದೆ, ಸುತ್ತಲಿಂದಲೂ ಬೆಳಕು ಬಿದ್ದು ಎಲ್ಲೂ ನೆರಳಿಲ್ಲ, ಕಾಲು ನೆಲಕ್ಕೆ ತಾಗಿದೆಯೋ ಗಾಳಿಯಲ್ಲಿದೆಯೋ ತಿಳಿಯದು, ಕಾಗದಕ್ಕೆ ಅಂಟಿಸಿದ ಚಿತ್ರ, ಹಲ್ಲಿಗೆ ಸರಿ, ಹಲ್ಲಿನ ಹುಳುಕಿಗೆ ನೆರಳು ಬೇಡ, ಜೀವಕ್ಕೆ ಬೇಕು, ಒಂದು ಕಡೆ ಬೆಳಕು ಒಂದು ಕಡೆ ನೆರಳು ಇದ್ದರೇ ಬೆನ್ನು ದುಂಡಗೆ ಕಾಣುವುದು, ರೋಮ ರೋಮವಾಗಿ ಕಾಣುವುದು, ಬ್ಯಾಡ್ರಿ ಅಂದಳು, ಯಾಕ್ರಿ ಅಂದ ಬುರಾನುದ್ದೀನ, ಇದು ಎಲ್ಲಾ ಸಪಾಟು ಮಾಡ್ತದ, ನೆರಳ ಬೀಳೂದು ಕೊಡ್ರಿ. ಕೈ ನಡುಗುವ ಮುದುಕಿ ಸುಲಭದ್ದನ್ನು ಬಿಟ್ಟು ತ್ರಾಸಿನದನ್ನು ಕೇಳುತ್ತಾಳೆ, ಹೌದು, ಕೇಳುತ್ತೇನೆ, ನಡುಗುವವರಿಗೆ ಆರಿಸುವ ಹಕ್ಕು ಇಲ್ಲವೇ, ಬಂದಷ್ಟು ಸಾಕು ಅಂದುಕೊಳ್ಳಬೇಕೇ.

ಅಷ್ಟರಲ್ಲಿ ಬುರಾನುದ್ದೀನನ ಸೊಸೆ ಗುಲಫಶಾ ಒಳಮನೆಯಿಂದ ಚಹಾ ತಂದಳು, ಸಲಾಂ ಬಾಯಾರ ಎಂದು ಕಪ್ಪುಬಶಿ ಇಟ್ಟಳು, ತುಂಬಿದ ಕಪ್ಪು, ಅಂಚಿನ ತನಕ. ವಿದ್ಯಾವತಿ ಅದನ್ನೇ ನೋಡುತ್ತ ಕೂತಳು, ತುಂಬಿದ ಕಪ್ಪನ್ನು ಯಾರೂ ಅವಳ ಮುಂದೆ ಇಟ್ಟಿರಲಿಲ್ಲ ಈಚೆಗೆ, ಮನೆಯಲ್ಲಿ ಸೊಸೆ ಭಾಗ್ಯಜ್ಯೋತಿ ಸ್ಟೀಲಿನ ಲೋಟದಲ್ಲಿ ಅರ್ಧ ಹಾಕಿ ಕೊಡುತ್ತಾಳೆ, ಕುಡಿದ ಮೇಲೆ ಕೇಳದೆಯೇ ಇನ್ನರ್ಧ, ಒಂದು ದಿನವೂ ತಪ್ಪಿಸಿಲ್ಲ, ಚೆಲ್ಲುತ್ತೀರಿ ಎಂದು ಬಾಯಿಬಿಟ್ಟು ಅಂದಿಲ್ಲ, ಬಂಗಾರದಂಥವಳು, ಆದರೂ ಆ ಅರ್ಧ ಲೋಟವನ್ನು ನೋಡಿದರೆ ತನ್ನನ್ನೇ ಅರ್ಧ ಅಳೆದು ಇಟ್ಟ ಹಾಗೆ. ಈ ಹುಡುಗಿಗೆ ಗೊತ್ತಿಲ್ಲ, ಗೊತ್ತಿಲ್ಲದೆ ಪೂರ್ತಿ ಕೊಟ್ಟಿದ್ದಾಳೆ, ದೇವರು ನಿನ್ನ ಛಲೋ ಇಡಲಿ, ಎತ್ತುತ್ತೇನೆ ಎಂದು ಎತ್ತಿದಳು, ಚೆಲ್ಲಿತು, ಬಶಿಗೆ, ಬಶಿಯಿಂದ ಕಟ್ಟೆಯ ಕಟ್ಟಿಗೆಯ ಅಂಚಿಗೆ, ಗುಲಫಶಾ ಒರೆಸುವ ಬಟ್ಟೆ ಹಿಡಿದು ಓಡಿಬಂದಳು, ಇರ್ಲಿ ಬಿಡವ್ವ, ಚಹಾ ಅಷ್ಟ, ರಕ್ತ ಅಲ್ಲಲ್ಲ ಅಂದಳು ವಿದ್ಯಾವತಿ, ಉಳಿದ ಮುಕ್ಕಾಲನ್ನು ನಿಧಾನಕ್ಕೆ ಕುಡಿದಳು, ಸಕ್ಕರೆ ಜಾಸ್ತಿ, ಶುಂಠಿ ಬೇರೆ, ಎಂಥ ರುಚಿ. ಕಪ್ಪು ಕೆಳಗಿಡುವಾಗ ಕಂಡಿತು, ಕಟ್ಟಿಗೆಯ ಬಿರುಕಿನಿಂದ ಒಂದು ಇರುವೆ ಹೊರಬಂದು ಚೆಲ್ಲಿದ ಚಹಾದ ಹನಿಯ ಕಡೆ ನಡೆಯುತ್ತಿದೆ. ಒರಸಬ್ಯಾಡ ತಂಗಿ, ನಿಂದರು ಅಂದಳು, ದನಿ ತರಗತಿಯ ದನಿಯಾಗಿಬಿಟ್ಟಿತು, ಗುಲಫಶಾ ಬಟ್ಟೆ ಹಿಡಿದು ಅಲ್ಲೇ ನಿಂತಳು.

ಬುರಾನಭಾಯಿ, ನಿಮ್ಮ ಮದುವಿ ಫ್ಲ್ಯಾಷ್ ಕೊಡ್ರಿ, ಲಗೂನ, ವೈರ್ ಇರೂದು. ಅವನು ಗೋಡೆಗೆ ತೂಗುಹಾಕಿದ್ದ ಹಳೆಯ ಫ್ಲ್ಯಾಷನ್ನು ಕೊಟ್ಟ, ಹಣ್ಣಾದ ಫ್ಲ್ಯಾಷು, ಎಷ್ಟೋ ಮದುಮಕ್ಕಳ ಮೂಗು ಅಳಿಸಿದ ಫ್ಲ್ಯಾಷು, ಇದರ ತಪ್ಪಲ್ಲ ಅದು, ಹಿಡಿದ ಜಾಗದ ತಪ್ಪು, ವೈರಿನ ಒಂದು ತುದಿ ಕ್ಯಾಮೆರಾಕ್ಕೆ ಇನ್ನೊಂದು ತುದಿ ಅದಕ್ಕೆ, ಬೆಳಕು ಮೆತ್ತಗಾಗಲು ಏನಾದರೂ ಬೇಕಲ್ಲ, ಮದುವೆ ಆಲ್ಬಮ್ಮಿನ ಪುಟಗಳ ನಡುವೆ ಇಡುವ ತೆಳ್ಳನೆ ಬಿಳಿ ಹಾಳೆ ಅಲ್ಲೇ ಇತ್ತು, ಅದನ್ನು ಮಡಿಸಿ ಫ್ಲ್ಯಾಷಿನ ಬಾಯಿಗೆ ಸುತ್ತಿದಳು, ಫುಲ್ ಪವರ್ ಇಡ್ರಿ ಬಾಯಾರ, ನಾ ಯಾವಾಗ್ಲೂ ಫುಲ್ ಅಂದ ಬುರಾನುದ್ದೀನ, ಬ್ಯಾಡ, ಪೂರಾ ಇಳಸ್ರಿ, ಇಳಿಸಿದಷ್ಟೂ ಮಿಂಚಿನ ಹೊತ್ತು ಸಣ್ಣದಾಗ್ತದ, ಸಣ್ಣದಾದಷ್ಟೂ ನಡುಕ ಸಿಗೂದಿಲ್ಲ, ಅವನು ಹುಬ್ಬೇರಿಸಿ ಇಳಿಸಿದ. ಕ್ಯಾಮೆರಾದ ಕಿಂಡಿಯನ್ನು ಅಂಗಡಿಯ ಬೆಳಕು ಒಳಗೇ ಬಾರದಷ್ಟು ಕಿರಿದು ಮಾಡಿದಳು, ಈಗ ಮಿಂಚೊಂದೇ ಬೆಳಕು, ಬಗ್ಗಿದಳು, ಇರುವೆ ಹನಿ ಮುಟ್ಟಿದೆ, ಕೈ ನಡುಗುತ್ತಿದೆ, ಇರುವೆ ಮಬ್ಬಾಗಿ ಮೂಡಿ ಹರಿತವಾಗಿ ಮತ್ತೆ ಮಬ್ಬಾಗುತ್ತದೆ, ಮುಂದೆ ಹಿಂದೆ ಮುಂದೆ, ಬದಿಯಿಂದ ಒಂದು ದೊಡ್ಡ ಕೈ ಬಂದು ಅವಳ ಮುಂಗೈಯನ್ನು ಹಿಡಿಯಿತು, ಜಗದೇವನದು, ಓಡುವ ಬಸ್ಸಿನಲ್ಲಿ ಚಿಲ್ಲರೆ ಚೆಲ್ಲದ ಕೈ, ಹಿಡೀತೇನಿ, ನೀ ಒತ್ತು ಅಂದ, ಬಿಡ್ರಿ ನನ್ನ ಕೈ ಅಂದಳು, ಅವನು ಬಿಟ್ಟ, ಹಿಡಿಯೂದಿದ್ರ ಫ್ಲ್ಯಾಷ್ ಹಿಡೀರಿ, ಎಡಕ್ಕ, ಇನ್ನಷ್ಟು ಕೆಳಗ, ಓರೆ ಮಾಡ್ರಿ, ಹೊತ್ತು ಇಳಿಯುವಾಗ ಹೊಲದಾಗ ಬಿಸಲ ಬೀಳ್ತದಲ್ಲ ಹಂಗ, ಅವನು ಮೊಣಕಾಲೂರಿ ಕೂತು ಹಿಡಿದ, ಅವನ ಮೊಣಕಾಲು ನೋಯುತ್ತದೆ, ಗೊತ್ತು, ಆಮೇಲೆ ಎಣ್ಣೆ ತಿಕ್ಕಿದರಾಯಿತು. ನಡುಗು, ಎಷ್ಟು ನಡುಗುತ್ತೀಯೋ ನಡುಗು, ಮುಂದೆ ಹೋದಾಗ ಒಂದು ಸಲ ಹಿಂದೆ ಬಂದಾಗ ಒಂದು ಸಲ ಆ ಹರಿತದ ಮೇಲೆ ಹಾದೇ ಹೋಗಬೇಕಲ್ಲ ನೀನು, ಅಲ್ಲಿ ಒತ್ತುತ್ತೇನೆ, ಒತ್ತಿದಳು, ತಪ್ಪಿತು, ಒತ್ತಿದಳು, ಇರುವೆಯ ಹಿಂಭಾಗ ಮಾತ್ರ, ಒತ್ತಿದಳು, ಕಟ್ಟಿಗೆ, ಮತ್ತೆ ಒತ್ತಿದಳು —

ತೆರೆಯ ಮೇಲೆ ಇರುವೆ. ಏನ್ ಬಂತು, ತೋರ್ಸು ಅನ್ನುತ್ತಿದ್ದಾನೆ ಜಗದೇವ, ಕೆಳಗಿನಿಂದ, ಫ್ಲ್ಯಾಷ್ ಇನ್ನೂ ಹಾಗೇ ಓರೆ ಹಿಡಿದು, ಅನೀಲಗ ಏನ್ ಹೇಳೂದು ಮನಿಗಿ ಹೋಗಿ ಅನ್ನುತ್ತಿದ್ದಾನೆ, ಹೇಳ್ರಿ, ಮಾರಲಿಲ್ಲ ಅಂತ ಹೇಳ್ರಿ, ಮ್ಯಾಲ ಒಂದು ಫ್ಲ್ಯಾಷ್ ತೊಗೊಂಡ ಬಂದ್ಲು ಅಂತ ಹೇಳ್ರಿ, ಬುರಾನುದ್ದೀನ ಹೆಗಲ ಮೇಲಿನಿಂದ ಬಗ್ಗಿ ಅರೆ ವಾಹ್ ಅಂದ, ಗುಲಫಶಾ ಒರೆಸುವ ಬಟ್ಟೆ ಎದೆಗೆ ಒತ್ತಿಕೊಂಡು ಬಗ್ಗಿದಳು, ವಿದ್ಯಾವತಿಗೆ ಅವರ ಮಾತು ದೂರದಲ್ಲಿ ಎಲ್ಲೋ, ಇರುವೆ ದೊಡ್ಡದು ಮಾಡಿದಳು, ಮೀಸೆಯ ಗಂಟು ಗಂಟೂ ಬೇರೆ, ಒಂದೂ ಅಲುಗಿಲ್ಲ, ಇನ್ನೂ ದೊಡ್ಡದು ಮಾಡಿದಳು, ಚಹಾದ ಹನಿಯ ಅಂಚು ಅದರ ಬಾಯಿಯ ಕಡೆಗೆ ಕೂದಲೆಳೆಯಷ್ಟು ಮೇಲೆದ್ದು ನಿಂತಿದೆ, ಕುಡಿಯುತ್ತಿದೆ, ಮತ್ತೆ ಚಿಕ್ಕದು ಮಾಡಿದಳು, ಇರುವೆ, ಎಡಗಡೆ ಬೆಳಕು, ಬಲಗಡೆ ಕಟ್ಟಿಗೆಯ ಮೇಲೆ ಮಲಗಿದ ನೆರಳು, ಮತ್ತೆ ದೊಡ್ಡದು, ಇರುವೆಯ ಕಾಲು, ಕಾಲು ನೆಲಕ್ಕೆ ಊರಿದಲ್ಲಿ ನೆರಳಿನ ಕಾಲು ಬಂದು ಕೂಡಿದೆ, ಆರೂ ಕಾಲು, ಊರಿ ನಿಂತಿದೆ.