ಮೂರು ರೇಷ್ಮೆಗೆ ಒಂದೇ ಹೆಸರು

ಪರಭಾಷೆಯಲ್ಲಿ ಹೇಳಿದ ಸುಳ್ಳು ಸುಳ್ಳೇ ಅಲ್ಲವೆಂದು ನೀವೂ ನಂಬಿದ್ದೀರಲ್ಲವೇ?

ಶಿಡ್ಲಘಟ್ಟದಿಂದ ಸ್ಪೇನಿಗೆ ಶಾಲು ಕಳಿಸುವ ಮೋಹನ್‌ಬಾಬುವಿನ ಕಚೇರಿಯಲ್ಲಿ ಅನುವಾದಕಿ ತನುಜಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೊರಗೆ ಸರಕಿನ ವ್ಯಾನು ಹಾರನ್ ಹೊಡೆಯುತ್ತಿತ್ತು. ಶುದ್ಧ ರೇಷ್ಮೆ, ಬೆರಕೆ ರೇಷ್ಮೆ, ಕೃತಕ ರೇಷ್ಮೆ ಎಂದು ಶಾಲುಗಳಿಗೆ ಹಚ್ಚುವ ಮೂರು ಇಂಗ್ಲಿಷ್ ಚೀಟಿಗಳನ್ನು ಅವಳು ಸ್ಪ್ಯಾನಿಷ್‌ಗೆ ಅನುವಾದಿಸಬೇಕಿತ್ತು.

“ಮೂರಕ್ಕೂ ಬರೀ ರೇಷ್ಮೆ ಅಂತ್ಲೇ ಹಾಕಮ್ಮ. ಸ್ಪೇನಿನವರೇನು ನೂಲು ಸುಟ್ಟು ಅಸಲಿಯೋ ನಕಲಿಯೋ ಅಂತ ನೋಡ್ತಾರಾ?” ಎಂದ ಮೋಹನ್‌ಬಾಬು.

“ನೋಡಲ್ಲ ಸಾರ್. ನಾನು ಬರೆದಿದ್ದನ್ನೇ ನಂಬ್ತಾರೆ.”

“ಅಷ್ಟು ನಿಯತ್ತಿದ್ರೆ ನಾಳೆಯಿಂದ ಯಾವ್ದಾದ್ರೂ ಮಠದಲ್ಲಿ ಕೆಲಸ ಕೇಳ್ಕೊಳ್ಳಮ್ಮ.”

ತನುಜ ಮೂರಕ್ಕೂ ಅವುಗಳದೇ ಹೆಸರು ಬರೆದಿಟ್ಟು, ಚೀಲ ಹೆಗಲಿಗೇರಿಸಿಕೊಂಡು ಹೊರಟಳು.

ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಅವಳು ಕೆಲಸ ಕೇಳಿಕೊಂಡು ನಿಮ್ಮಲ್ಲಿಗೆ ಬಂದರೆ, ಹಿಂದಿನ ಕೆಲಸ ಏಕೆ ಹೋಯಿತೆಂದು ವಿಚಾರಿಸಿ. ಉತ್ತರ ಕೇಳಿದ ಮೇಲೆ ಒಳಗೆ ಕರೆದು ಕೂರಿಸಿ.