ಹೊಟ್ಟೆ ತೆರೆದು ಕೂತವನು

ಕೈಗಾರಿಕೆಯ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಒಂದು ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಹೊಟ್ಟೆಯ ಒಳಗೋಡೆಗೆ ಯಾವ ಬಣ್ಣ ಬಳಿಯಬೇಕೆಂಬ ಪ್ರಶ್ನೆ ಬೆಳಗಾವಿಯ ಜೀವಧಾರೆ ಪಂಪ್ಸ್ ಕಂಪನಿಯನ್ನು ಒಂದು ವಾರ ಪೂರ್ತಿ ಕಾಡಿತು. ಮಾಲೀಕರಾದ ಅಪ್ಪಾಸಾಹೇಬ ಹುಕ್ಕೇರಿಯವರು ಕೇಸರಿ ಎಂದರು. ಫೌಂಡ್ರಿಯ ಮೇಸ್ತ್ರಿ, ಹಸಿರು ಬಣ್ಣದ ಡಬ್ಬ ಅರ್ಧ ಉಳಿದಿದೆ, ಹಸಿರೇ ಇರಲಿ ಎಂದ. ಮಾರ್ಕೆಟಿಂಗ್ ಮ್ಯಾನೇಜರ್ ವೈಜಯಂತಿ ಕಡೋಲಿಯವರು, ನೀರು ಹರಿಯುವ ಜಾಗ ನೀಲಿ ಇರದಿದ್ದರೆ ನೋಡಿದವರು ಒಳಗೆ ಡೀಸೆಲ್ ಹರಿಯುತ್ತದೆ ಎಂದುಕೊಳ್ಳುತ್ತಾರೆ ಎಂದರು. ಕೊನೆಗೆ ನೀಲಿ ಗೆದ್ದಿತು. ಮಾಲೀಕರ ಮಾತು ಬಿದ್ದುಹೋಗಬಾರದೆಂದು ಬುಡದ ಸುತ್ತ ಒಂದು ಕೇಸರಿ ಪಟ್ಟಿ ಹಾಕಿದರು.

ನಾನು ಒಂದು ಪಂಪು. ಹಾಗೆಂದು ನೀರನ್ನು ಕಂಡವನಲ್ಲ. ನನ್ನ ಜೊತೆಗೇ ಎರಕವಾದ ಅಣ್ಣತಮ್ಮಂದಿರು ಘಟಪ್ರಭೆಯ ದಂಡೆಗೋ ಯಾರದೋ ಬಾವಿಗೋ ಹೋಗಿ ಮಾನದಿಂದ ದುಡಿದರು. ನನ್ನನ್ನು ಮಾತ್ರ ಗರಗಸದ ಕೆಳಗೆ ಮಲಗಿಸಿದರು. ಕಲ್ಲಂಗಡಿ ಮಾರುವವನು ಗಿರಾಕಿಗೆ ಒಳಗಿನ ಕೆಂಪು ತೋರಿಸಲು ಒಂದು ಹೋಳು ತೆಗೆಯುತ್ತಾನಲ್ಲ, ಹಾಗೆ ನನ್ನ ಪಕ್ಕೆಯಿಂದ ಒಂದು ಹೋಳು ತೆಗೆದರು. ಇಂಥವನಿಗೆ ಕಟ್ ಮಾಡೆಲ್ ಎಂದು ಹೆಸರು. ವಸ್ತುಪ್ರದರ್ಶನದ ಸ್ಟಾಲಿನಲ್ಲಿ ಕುಳ್ಳಗಿನ ಪೀಠದ ಮೇಲೆ ಕೂತು ಬಂದವರಿಗೆಲ್ಲ ಹೊಟ್ಟೆ ತೋರಿಸುವುದು ನನ್ನ ಉದ್ಯೋಗ. ಅಲ್ಲಿಂದ ಕಾಣುವುದು ಜನರ ಗದ್ದದ ಅಡಿಭಾಗ. ಮನುಷ್ಯರನ್ನು ನಾನು ಹೆಚ್ಚಾಗಿ ಗದ್ದದಿಂದಲೂ ಮಾತಿನಿಂದಲೂ ಬಲ್ಲೆ.

ವೈಜಯಂತಿ ಮೇಡಂ ಆ ಕಂಪನಿಗೆ ಫೋನ್ ಎತ್ತಲು ಸೇರಿದವರು. ವರ್ಷಗಟ್ಟಲೆ ಗಿರಾಕಿಗಳ ಬೈಗುಳ ಕೇಳಿ ಕೇಳಿ, ಯಾವ ಊರಿನ ನೀರಿನಲ್ಲಿ ಯಾವ ಪಂಪು ಕೆಡುತ್ತದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಅದಕ್ಕೇ ಅವರನ್ನು ಮಾರ್ಕೆಟಿಂಗ್ ಮ್ಯಾನೇಜರ್ ಮಾಡಿದರು. ಮಾರ್ಕೆಟಿಂಗ್ ಎಂದರೇನೆಂದು ಕಂಪನಿಯಲ್ಲಿ ಯಾರಿಗೂ ಖಚಿತವಿರಲಿಲ್ಲ. ಕ್ಯಾಲೆಂಡರ್ ಅಚ್ಚು ಹಾಕಿಸುವುದು ಎಂಬ ಕಡೆಗೆ ಬಹುಮತವಿತ್ತು.

ಬೆಂಗಳೂರಿನ ಪ್ರದರ್ಶನಕ್ಕೆ ಸ್ಟಾಲು ಹಿಡಿಯೋಣವೆಂದು ಮೇಡಂ ಹಟ ಮಾಡಿದಾಗ ಅಪ್ಪಾಸಾಹೇಬರು ಒಪ್ಪಿದರು, ಆದರೆ ಬಿಗಿಯಾಗಿ ಒಪ್ಪಿದರು.

"ಮೇಡಮ್ಮಾರ, ನಮ್ಮ ಪಂಪ ತುಂಗಭದ್ರಾ ದಾಟಿಲ್ಲ. ಈ ಸಲ ಮೈಸೂರ ಕಡಿಂದ ಒಬ್ಬರ ಡೀಲರ್ ತರ್ರಿ. ತರಲಿಲ್ಲಂದ್ರ ಈ ಪ್ರದರ್ಶನದ ಹುಚ್ಚು ಇಲ್ಲಿಗೆ ಬಂದ್. ನೀವು ಮತ್ತ ಫೋನ್ ಟೇಬಲ್ಲಿಗೆ."

"ಆಗಲ್ರಿ," ಎಂದರು ಮೇಡಂ. ಅವರ ಗದ್ದ ಸ್ವಲ್ಪ ಮುಂದೆ ಬಂತು.

ಆಮೇಲೆ ಅವರು ಪಟ್ಟ ಪಾಡನ್ನು ನಾನು ಆಫೀಸಿನ ಮೂಲೆಯಿಂದ ನೋಡಿದ್ದೇನೆ. ಸ್ಟಾಲು ಶೌಚಾಲಯದ ಪಕ್ಕಕ್ಕೆ ಬಿದ್ದದ್ದನ್ನು ಬದಲಾಯಿಸಲು ಹೋದರೆ, ಕಂಬವೊಂದು ನಟ್ಟನಡುವೆ ನಿಂತ ಸ್ಟಾಲು ಸಿಕ್ಕಿತು. ಆ ಕಂಬಕ್ಕೇ ಪೋಸ್ಟರು ಸುತ್ತಿಸೋಣವೆಂದು ಅವರು ಖುಷಿಪಟ್ಟರು. ಪೋಸ್ಟರಿನ ಮೇಲೆ ದೊಡ್ಡದಾಗಿ ಬರೆಸಿದ್ದು: ಕಸ ಬಂದರೂ ನಿಲ್ಲದ ಪಂಪು. ಇದು ಸುಳ್ಳಲ್ಲ. ಪಂಪಿನೊಳಗೆ ತಿರುಗಿ ನೀರನ್ನು ಮೇಲಕ್ಕೆ ನೂಕುವ ಒಂದು ಚಕ್ರವಿರುತ್ತದೆ. ಜೀವಧಾರೆಯವರು ಆ ವರ್ಷ ಅಗಲ ಸಂದಿಯ ಹೊಸ ಚಕ್ರ ಮಾಡಿದ್ದರು. ಜೊಂಡು, ಕಡ್ಡಿ, ಎಲೆ ಏನು ಬಂದರೂ ಸಿಕ್ಕಿಕೊಳ್ಳದೆ ದಾಟಿಹೋಗುತ್ತಿತ್ತು. ಅದನ್ನು ಜನ ಕಣ್ಣಾರೆ ನೋಡಲಿ ಎಂದೇ ನನ್ನ ಹೊಟ್ಟೆ ಕೊಯ್ದದ್ದು.

ಸ್ಟಾಲು ಕಟ್ಟಿಸಲು ಮೇಡಂ ಮೊದಲೇ ಬೆಂಗಳೂರಿಗೆ ಹೊರಟರು. ಅವರ ಬಸ್ಸು ಧಾರವಾಡ ದಾಟಿತೋ ಇಲ್ಲವೋ, ಅಪ್ಪಾಸಾಹೇಬರು ಮೇಸ್ತ್ರಿಯನ್ನು ಕರೆದು ಬಾಗಿಲು ಹಾಕಿಸಿದರು.

"ಪ್ರದರ್ಶನಕ್ಕ ಬರೋರೊಳಗ ಅರ್ಧಾ ಮಂದಿ ಕಳ್ಳರ ಇರ್ತಾರ. ಗಿರಾಕಿ ವೇಷದಾಗ ಬಂದು ಫೋಟೋ ಹೊಡ್ಕೊಂಡ ಹೋಗ್ತಾರ. ಇದರಾಗಿನ ಹೊಸಾ ಚಕ್ರ ತಗದು ಹಳೇದ್ ಹಾಕು. ಕಾಪಿ ಮಾಡಿದ್ರ ಹಳೇದ್ನ ಮಾಡ್ಲಿ ಮಕ್ಕಳು!"

ಹೊಸದನ್ನು ತೋರಿಸಲೆಂದೇ ಕೊಯ್ದ ಹೊಟ್ಟೆಯಲ್ಲಿ ಹೀಗೆ ಹಳೆಯದನ್ನು ಕೂರಿಸಿದರು. ಹಳೆಯದೆಂದು ಗೊತ್ತಾಗದಿರಲೆಂದು ಅದಕ್ಕೆ ಕೆಂಪು ಬಣ್ಣ ಬಳಿದರು. ಮೇಡಂಗೆ ಹೇಳಲಿಲ್ಲ. ಹೇಳಿದರೆ ಅವರ ಮುಖದಲ್ಲಿ ಗೊತ್ತಾಗಿಬಿಡುತ್ತದೆ ಎಂದು ಅಪ್ಪಾಸಾಹೇಬರ ಲೆಕ್ಕ.

ಪ್ರದರ್ಶನವೆಂದರೆ ಚೀಲಗಳ ಯುದ್ಧ ಎಂದು ಮೊದಲ ದಿನವೇ ತಿಳಿಯಿತು. ನಾವು ಕೈಚೀಲ ಕೊಟ್ಟೆವು. ಎದುರಿನ ಸ್ಟಾಲಿನಲ್ಲಿದ್ದ ಇನ್ನೊಂದು ಪಂಪು ಕಂಪನಿಯವರು ಹೆಗಲಚೀಲ ಕೊಟ್ಟರು. ಜನ ನಮ್ಮ ಚೀಲವನ್ನು ಅವರ ಚೀಲದೊಳಗೆ ಹಾಕಿಕೊಂಡು ಊರೆಲ್ಲ ಅವರ ಹೆಸರು ಹೊತ್ತು ತಿರುಗಿದರು. ಪೆಪ್ಪರಮಿಂಟು ಇಟ್ಟ ಬಟ್ಟಲಿಗೆ ಬಂದಷ್ಟು ಜನ ನನ್ನ ಹತ್ತಿರ ಬರಲಿಲ್ಲ. ಮೇಡಂ ಬೆಳಗಿನಿಂದ ನಿಂತೇ ಇದ್ದರು. ಕುರ್ಚಿ ಇದ್ದರೂ ಕೂರಲಿಲ್ಲ. ಕೂತವರ ಸ್ಟಾಲಿಗೆ ಯಾರೂ ಬರುವುದಿಲ್ಲ ಎಂಬುದು ಅವರ ನಂಬಿಕೆ. ಎದುರಿನ ಸ್ಟಾಲಿನ ಎಂಜಿನಿಯರು ಕೊರಳ ಬ್ಯಾಡ್ಜನ್ನು ಹಿಂದುಮುಂದು ಮಾಡಿಕೊಂಡು, ರೈತನ ಹಾಗೆ ಹೊಲದ ಬಗ್ಗೆ ಒಂದೆರಡು ಮಾತಾಡಿ, ನನ್ನ ಹೊಟ್ಟೆಯ ಫೋಟೋ ತೆಗೆದುಕೊಂಡು ಹೋದ. ಅಪ್ಪಾಸಾಹೇಬರು ಹೇಳಿದ್ದು ಸುಳ್ಳಲ್ಲ.

ಎರಡನೆಯ ದಿನ ಮಧ್ಯಾಹ್ನ ಕೊಳ್ಳೇಗಾಲದ ಮರಿಲಿಂಗಯ್ಯ ಬಂದರು. ಕಾವೇರಿ ದಂಡೆಯ ಊರುಗಳಿಗೆಲ್ಲ ಪಂಪು ಮಾರುವ ಅಂಗಡಿ ಅವರದು. ಯಾರ ಚೀಲವನ್ನೂ ತೆಗೆದುಕೊಂಡಿರಲಿಲ್ಲ. ಮೇಡಂ ಹೇಳಿದ್ದನ್ನೆಲ್ಲ ಕೇಳಿದರು, ಪೋಸ್ಟರು ಓದಿದರು, ಆಮೇಲೆ ಬಗ್ಗಿ ನನ್ನ ಹೊಟ್ಟೆಯೊಳಕ್ಕೆ ಬೆರಳು ಹಾಕಿದರು.

"ಅಲ್ಲ ಕಣವ್ವ, ನನ್ನ ಬೆರಳೇ ತೂರಕಿಲ್ಲ. ಹೊಳೆ ಜೊಂಡು ತೂರ್ಕಂಡು ಹೋದದಾ? ಇಂಥ ಚಕ್ರವ ಬ್ಯಾರೆ ಕಂಪ್ನಿ ಪಂಪ್ನಲ್ಲಿ ನಾನು ಇಪ್ಪತ್ತು ವರ್ಸದಿಂದ ಬಿಚ್ಚಿ ಬಿಚ್ಚಿ ಕಸ ತಗೀತಾವ್ನಿ. ಪೋಸ್ಟರ್ ಒಂದು ಹೇಳ್ತದೆ, ಪಂಪು ಒಂದು ಹೇಳ್ತದಲ್ಲ."

ಮೇಡಂ ಬಗ್ಗಿ ನೋಡಿದರು. ಆಗ ಮೊದಲ ಬಾರಿಗೆ ಅವರ ಪೂರ್ತಿ ಮುಖ ನನಗೆ ಕಂಡಿತು. ಅದು ಬಿಳಿಚಿಕೊಂಡಿತ್ತು. ಮರಿಲಿಂಗಯ್ಯನವರಿಗೆ ಕುರ್ಚಿ ಕೊಟ್ಟು, ಕಂಬದ ಮರೆಗೆ ಹೋಗಿ ಬೆಳಗಾವಿಗೆ ಫೋನು ಹಚ್ಚಿದರು. ಕಂಬ ನನ್ನ ಪಕ್ಕದಲ್ಲೇ ಇತ್ತು.

"ಸಾವ್ಕಾರ್ರ, ಇದರಾಗ ಹಳೇ ಚಕ್ರ ಐತಲ್ರಿ!"

"ನಾನ ಹಾಕ್ಸೇನಿ! ಹೆಂಗೈತಿ ಐಡಿಯಾ?" ಅಪ್ಪಾಸಾಹೇಬರ ನಗು ಫೋನಿನಿಂದ ಹೊರಗೂ ಕೇಳಿಸಿತು.

"ಡೀಲರ್ ಒಬ್ಬರು ಬೆರಳ ಹಾಕಿ ನೋಡ್ಯಾರ್ರಿ. ಏನ್ ಹೇಳ್ಲಿ?"

ನಗು ನಿಂತಿತು. "ಏನರ ಒಂದ ಹೇಳ್ರಿ. ಖರೇ ಮಾತ್ರ ಹೇಳಬ್ಯಾಡ್ರಿ."

"ಖರೇನ ಹೇಳ್ತೀನ್ರಿ. ನಾಳೆ ನೀವು ಬರೂ ಮುಂದ ಹೊಸಾ ಚಕ್ರ ಸಂಗಟ ತರ್ರಿ. ತರೂದಿಲ್ಲಂದ್ರ ಈಗ ಹೇಳ್ರಿ, ಸ್ಟಾಲ್ ಬಿಚ್ಚಸ್ತೀನಿ. ಆಮ್ಯಾಲ ಫೋನ್ ಟೇಬಲ್ಲಿಗಿ ಹೋಗಿ ಕೂಡ್ತೀನಿ. ಆ ಟೇಬಲ್ಲಿನ ದಾರಿ ನನಗ ಗೊತ್ತೈತಿ."

ಫೋನು ಇಟ್ಟು ಬಂದು, ಮರಿಲಿಂಗಯ್ಯನವರ ಎದುರು ಎರಡು ದಿನದಲ್ಲಿ ಮೊದಲ ಸಲ ಕೂತರು. ನಡೆದದ್ದನ್ನು ನಡೆದ ಹಾಗೆ ಹೇಳಿದರು. ಮರಿಲಿಂಗಯ್ಯ ಇನ್ನೊಮ್ಮೆ ಬಗ್ಗಿ ನನ್ನ ಹೊಟ್ಟೆ ನೋಡಿದರು.

"ನಿಮ್ಮ ಸಾವ್ಕಾರ ಕಳ್ರಿಗೆ ಅಂತ ಬೀಗ ಹಾಕಿ, ನೆಂಟ್ರನ್ನ ಆಚೆ ನಿಲ್ಸಿದ್ರಾ?"

"ಹೌದ್ರಿ."

"ಸರಿ. ನಾಳೆ ಇಲ್ಲೇ ಒಂದು ಬೀಗರೂಟ ಅದೆ. ಉಂಡ್ಕಂಡು ಮನಸು ಬಂದ್ರೆ ಬತ್ತೀನಿ. ಕಾಯಬ್ಯಾಡಿ."

ಮೇಡಂ ಕಾದರು. ಮೂರನೆಯ ದಿನ, ಕೊನೆಯ ದಿನ, ಅಪ್ಪಾಸಾಹೇಬರು ಬೆಳಿಗ್ಗೆಯೇ ಬಂದಿಳಿದರು. ಬಗಲಲ್ಲಿ ಒಂದು ಚೀಲ, ಚೀಲದೊಳಗೆ ಟವೆಲ್ಲು, ಟವೆಲ್ಲಿನೊಳಗೆ ಹೊಸ ಚಕ್ರ. ಅದನ್ನು ಯಾರ ಕೈಗೂ ಕೊಡದೆ ಮಡಿಲಲ್ಲೇ ಇಟ್ಟುಕೊಂಡು ಕೂತರು. ಅವರೂ ಮೇಡಂ ಅವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಕ್ಕಪಕ್ಕದ ಸ್ಟಾಲಿನವರು ಜಮಖಾನ ಸುತ್ತಲು ಶುರುಮಾಡಿದರು. ಪೆಪ್ಪರಮಿಂಟು ಮುಗಿದಿತ್ತು. ಆ ಹೊತ್ತಿಗೆ ಮರಿಲಿಂಗಯ್ಯ ಎಲೆಯಡಿಕೆ ಜಗಿಯುತ್ತ ಬಂದರು.

ಅಪ್ಪಾಸಾಹೇಬರು ಎದ್ದು ಎಡಕ್ಕೂ ಬಲಕ್ಕೂ ನೋಡಿದರು. ಸ್ಟಾಲಿನ ಹಿಂದೆ, ನೀರಿನ ಬಾಟಲಿ ಪೇರಿಸಿಡಲು ಬೀರುವಿನಷ್ಟು ಅಗಲದ ಒಂದು ಕೋಣೆಯಿತ್ತು. ಇಬ್ಬರು ಹಿರಿಯರೂ ಅದರೊಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಮದುವೆಗೆ ಮೊದಲು ಹುಡುಗಿಯ ಕಡೆಯವರು ಒಡವೆ ನೋಡುವ ಹಾಗೆ ಒಳಗೆ ಪಿಸುಮಾತು ನಡೆಯಿತು. ಬಾಟಲಿಗಳು ಉರುಳಿದ ಸದ್ದು ಬಂತು. ಮೇಡಂ ಹೊರಗೆ ಪೋಸ್ಟರಿನ ಅಂಚು ನೇವರಿಸುತ್ತ ನಿಂತಿದ್ದರು. ಅಂಚು ಸರಿಯಾಗಿಯೇ ಇತ್ತು.

"ಓ! ಈಗ ತೂರ್ತು ನೋಡಿ ಬೆರಳು!" ಎಂದು ಮರಿಲಿಂಗಯ್ಯನವರ ದನಿ ಕೇಳಿತು. ಬಾಗಿಲು ತೆರೆದು ಬಂದವರು ಅಪ್ಪಾಸಾಹೇಬರ ಕಡೆ ತಿರುಗಲಿಲ್ಲ. ಮೇಡಂಗೆ ಹೇಳಿದರು: "ನಾನು ಪಂಪು ಮಾರ್ತೀನಿ. ಆದ್ರೆ ಏನಾದ್ರೂ ಕೇಳ್ಬೇಕಾದ್ರೆ ನಿಮ್ಮನ್ನೇ ಕೇಳೋದು. ಇವ್ರನ್ನ ಕೇಳಕಿಲ್ಲ."

ಅಪ್ಪಾಸಾಹೇಬರು ಟವೆಲ್ಲು ಮಡಿಸುತ್ತ, "ಅದಕ್ಕ ಇವರ್ನ ಮ್ಯಾನೇಜರ್ ಅಂತ ಇಟ್ಟೇವಿ," ಎಂದರು.

ಮರುವರ್ಷ ಎದುರಿನ ಸ್ಟಾಲಿನವರು ನವೀನ ತಂತ್ರಜ್ಞಾನ ಎಂದು ನಮ್ಮ ಹಳೆಯ ಚಕ್ರವನ್ನು ಬಿಡುಗಡೆ ಮಾಡಿದರು. ಅಪ್ಪಾಸಾಹೇಬರು ಆ ಜಾಹೀರಾತನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರು. ಮೇಡಂ ಬೇರೆ ಪ್ರದರ್ಶನಗಳಿಗೆ ಹೊಸ ಚಕ್ರದ ಇನ್ನೊಂದು ಕಟ್ ಮಾಡೆಲ್ ಮಾಡಿಸಿಕೊಂಡರು. ನನ್ನನ್ನು ಹಳೆಯ ಚಕ್ರದ ಸಮೇತ ಮರಿಲಿಂಗಯ್ಯನವರ ಅಂಗಡಿಗೆ ಕಳಿಸಿದರು. ಕೊಳ್ಳೇಗಾಲದಲ್ಲಿ ಗಿರಾಕಿಗಳು ನನ್ನ ಮೂತಿಗೆ ಹೆಲ್ಮೆಟ್ಟು ನೇತುಹಾಕಿದರು, ಮಾತಾಡುತ್ತ ಕಡಲೆಕಾಯಿ ಸಿಪ್ಪೆಯನ್ನು ನನ್ನ ಹೊಟ್ಟೆಗೆ ತುಂಬಿದರು. ಸಿಪ್ಪೆ ಅಲ್ಲೇ ಸಿಕ್ಕಿಕೊಂಡಿತು. ಮರಿಲಿಂಗಯ್ಯ ಅದನ್ನು ಬಂದವರಿಗೆಲ್ಲ ತೋರಿಸಿ, "ಇದು ಬ್ಯಾಡ, ಹೊಸ್ದು ತಕಳಿ," ಎನ್ನುತ್ತಿದ್ದರು. ನನ್ನಿಂದಾದ ವ್ಯಾಪಾರವೆಂದರೆ ಇದೇ.

ಅಂಗಡಿ ದೊಡ್ಡದು ಮಾಡುವಾಗ ನನ್ನನ್ನು ಲಾರಿಗೆ ಹಾಕಿ ಬೆಳಗಾವಿಗೆ ವಾಪಸು ಕಳಿಸಿದರು. ಈಗ ಆಫೀಸಿನ ಮೆಟ್ಟಿಲ ಕೆಳಗೆ, ಒಂದು ಪ್ಲಾಸ್ಟಿಕ್ ಗಿಡದ ಪಕ್ಕ ಇದ್ದೇನೆ. ನೀಲಿ ಅಲ್ಲಲ್ಲಿ ಎದ್ದಿದೆ. ಜೀವನವಿಡೀ ಒಳಗಿನದನ್ನು ತೋರಿಸುತ್ತ ಬಂದೆ, ಆದರೆ ಒಳಗಿದ್ದದ್ದು ನನ್ನದಾಗಿರಲಿಲ್ಲ. ತೆರೆದ ಹೊಟ್ಟೆಯನ್ನು ಜನ ಎಷ್ಟು ಬೇಗ ನಂಬುತ್ತಾರೆ ಎಂದು ಒಮ್ಮೊಮ್ಮೆ ಆಶ್ಚರ್ಯವಾಗುತ್ತದೆ. ಸಾವಿರಾರು ಜನ ನೋಡಿದರು, ನೂರಾರು ಜನ ಫೋಟೋ ತೆಗೆದರು, ಬೆರಳು ಹಾಕಿದವರು ಒಬ್ಬರೇ. ಬೇಸರವೇನೂ ಇಲ್ಲ. ಮೆಟ್ಟಿಲ ಕೆಳಗೆ ತಂಪಾಗಿರುತ್ತದೆ, ಮೇಲೆ ಯಾರು ಯಾರ ಬಗ್ಗೆ ಏನು ಮಾತಾಡಿದರೂ ಕೇಳುತ್ತದೆ.

ವೈಜಯಂತಿ ಮೇಡಂ ಈ ವಾರ ದಿಲ್ಲಿಯ ಪ್ರದರ್ಶನಕ್ಕೆ ಹೋಗಿದ್ದಾರೆ. ಕಟ್ ಮಾಡೆಲ್ ಬದಲು ಚಕ್ರ ತಿರುಗುವುದನ್ನು ತೋರಿಸುವ ಟೀವಿ ಒಯ್ದಿದ್ದಾರೆ. ಅದರೊಳಕ್ಕೆ ಬೆರಳು ಹಾಕಲಾಗದು.